ಒಪ್ಪಿಗೆ ಯಾರ ಕೈಯಲ್ಲಿ?: ಡಿಜಿಟಲ್ ಮಾರುಕಟ್ಟೆ ಮತ್ತು ಅಣಶಿ ಸೀಮೆಯ ಬೆಳೆಗಾರ

1. ಪ್ರಸ್ತಾವನೆ

ವ್ಯವಹಾರವನ್ನು ಡಿಜಿಟಲ್ ಮಾಡಹೊರಟವರು ಸಾಮಾನ್ಯವಾಗಿ ವೇಗ, ವೆಚ್ಚ, ಪಾರದರ್ಶಕತೆಗಳಿಂದ ಯಶಸ್ಸನ್ನು ಅಳೆಯುತ್ತಾರೆ. ಜನರ ಹಿತ ಉಳಿದಿದೆಯೇ ಎಂದು ತಿಳಿಯಲು ಇನ್ನೊಂದು ಪ್ರಶ್ನೆ ಕೇಳಲೇಬೇಕು: ಈ ವ್ಯವಸ್ಥೆಯಲ್ಲಿ ‘ಒಲ್ಲೆ’ ಎನ್ನುವ ಹಕ್ಕು ಯಾರಿಗಿದೆ, ಅದನ್ನು ಚಲಾಯಿಸಲು ಅವರಿಗೆ ಆಗುತ್ತದೆಯೇ? ಕರ್ನಾಟಕದ ಏಕೀಕೃತ ಕೃಷಿ ಮಾರುಕಟ್ಟೆ ವೇದಿಕೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ, ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಅಣಶಿಯಂಥ ಕಾಡಂಚಿನ ಊರನ್ನು ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2. ವೇದಿಕೆಯ ಸ್ವರೂಪ

ಈ ವೇದಿಕೆ 2014ರಲ್ಲಿ ಆರಂಭವಾಯಿತು. ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸಮಪಾಲಿನಲ್ಲಿ ಕಟ್ಟಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಸಂಸ್ಥೆ ಇದನ್ನು ನಡೆಸುತ್ತದೆ. ಮಾಲು ಮಾರುಕಟ್ಟೆ ಪ್ರಾಂಗಣಕ್ಕೆ ಬಂದೊಡನೆ ಅದಕ್ಕೆ ಲಾಟ್ ಸಂಖ್ಯೆ ಬೀಳುತ್ತದೆ. ವರ್ತಕರು ಪರಸ್ಪರರ ದರ ಕಾಣದಂತೆ ಆನ್‌ಲೈನ್ ಟೆಂಡರ್ ಹಾಕುತ್ತಾರೆ. ಅತಿ ಹೆಚ್ಚಿನ ದರ ಎಸ್‌ಎಂಎಸ್ ಮೂಲಕ ರೈತನಿಗೆ ತಿಳಿಯುತ್ತದೆ. ಆ ದರ ಒಪ್ಪಿಗೆಯಾಗದಿದ್ದರೆ ಆತ ತಿರಸ್ಕರಿಸಬಹುದು. ಒಪ್ಪಿದರೆ ಮಾತ್ರ ತೂಕ, ಬಿಲ್ಲು. ಇಡೀ ವಿನ್ಯಾಸದ ಜೀವಾಳ ಈ ತಿರಸ್ಕರಿಸುವ ಹಕ್ಕು. ಉಳಿದೆಲ್ಲ ಹಂತಗಳಲ್ಲಿ ಯಂತ್ರ ವರ್ತಕನ ಕೆಲಸವನ್ನೋ ಮಾರುಕಟ್ಟೆ ಸಮಿತಿಯ ಕೆಲಸವನ್ನೋ ಹಗುರಗೊಳಿಸಿದರೆ, ಈ ಹಂತದಲ್ಲಿ ಬೆಳೆದವನ ಮಾತಿಗೆ ಕಾಯುತ್ತದೆ.

3. ಫಲಿತಾಂಶ ಹೇಳುವುದೇನು?

ರೆಟ್ಸೆಫ್ ಲೆವಿ, ಮನೋಜ್ ರಾಜನ್, ಸೋಮ್ಯಾ ಸಿಂಘ್ವಿ ಮತ್ತು ಯಾನ್‌ಚಾಂಗ್ ಝೆಂಗ್ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವೇದಿಕೆಯಿಂದ ಭತ್ತದ ದರ ಶೇ 5.1, ಶೇಂಗಾ ಶೇ 3.6, ಮೆಕ್ಕೆಜೋಳ ಶೇ 3.5ರಷ್ಟು ಏರಿತು. ಹತ್ತಿ, ಹೆಸರು, ತೊಗರಿಯಲ್ಲಿ ಗಣನೀಯ ಪರಿಣಾಮ ಕಾಣಲಿಲ್ಲ. ಒಂದೇ ತಂತ್ರಾಂಶ ಎಲ್ಲ ಬೆಳೆಗೂ ಒಂದೇ ಫಲ ಕೊಡಲಿಲ್ಲ ಎಂಬ ಅಂಶ ಇಲ್ಲಿ ಮುಖ್ಯ. ಇದಕ್ಕೊಂದು ಕಾರಣ ಗುಣಮಟ್ಟವಿರಬಹುದು: ಅದನ್ನು ನಂಬುವಂತೆ ಅಳೆದು ಹೇಳುವವರಿಲ್ಲದಿದ್ದರೆ ದೂರದ ವರ್ತಕ ಧೈರ್ಯದಿಂದ ದರ ಹಾಕುವುದಿಲ್ಲ.

ಉತ್ತರ ಕನ್ನಡದ ಅಡಿಕೆಯಲ್ಲಿ ಇದು ಇನ್ನೂ ಸ್ಪಷ್ಟ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ಬಗೆ ಬೇರೆ, ದರವೂ ಬೇರೆ. ಖರೀದಿದಾರ ರಾಶಿಯಿಂದ ಒಂದು ಹಿಡಿ ತೆಗೆದು, ಒಂದೆರಡನ್ನು ಕತ್ತರಿಸಿ, ಒಳಗಿನ ಬಣ್ಣ ನೋಡಿ ದರ ನಿಶ್ಚಯಿಸುತ್ತಾನೆ. ಆ ಕಣ್ಣು, ಆ ಕೈಯ ಅನುಭವ ಪರದೆಗೆ ಬರುವುದಿಲ್ಲ. ಆದ್ದರಿಂದ ವ್ಯಾಪಾರ ಆನ್‌ಲೈನ್ ಆದಷ್ಟೂ ಮಾಲು ವಿಂಗಡಿಸುವ ನುರಿತ ಕೆಲಸಗಾರನ ಬೆಲೆ ಹೆಚ್ಚಬೇಕು. ಅವನ ತರಬೇತಿಗೆ ಹಾಕುವ ಹಣ ತಂತ್ರಾಂಶಕ್ಕೆ ಹಾಕುವ ಹಣದಷ್ಟೇ ಅಗತ್ಯ.

4. ಅಣಶಿಯ ಪ್ರಶ್ನೆ

ಅಣಶಿ ಇರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ.  ಕಾರವಾರದಿಂದ ಇಳಕಲ್‌ಗೆ ಹೋಗುವ ರಸ್ತೆ ಇಲ್ಲಿ ಘಟ್ಟ ಹತ್ತುತ್ತದೆ. 2021ರ ಜುಲೈ ಮಳೆಗೆ ಆ ಘಟ್ಟದಲ್ಲಿ ಗುಡ್ಡ ಕುಸಿದಿತ್ತು. ಹಾಗಾಗಿ ಮಾಲಿನ ಜೊತೆ ತಾನೂ ಪೇಟೆಗೆ ಹೋಗುವುದು ಬೆಳೆಗಾರನಿಗೆ ಯಾವಾಗಲೂ ಆಗದು. ಜೋಯಿಡಾದ ಹಳ್ಳಿಗಳು ಕಾಡಿನ ನಡುವೆ ಚದುರಿವೆ, ಹಲವೆಡೆ ಮೊಬೈಲ್ ಸಿಗ್ನಲ್ ಹಿಡಿಯಲು ದಿಬ್ಬ ಹತ್ತಬೇಕು. ಮಾಲು ಪೇಟೆಗೆ ಕಳಿಸಿ ಮನೆಯಲ್ಲಿರುವ ಬೆಳೆಗಾರನಿಗೆ ದರದ ಸಂದೇಶ ಮರುದಿನ ತಲುಪಿದರೆ, ಕಾಗದದ ಮೇಲಿನ ಅವನ ಹಕ್ಕು ಕಾಗದದಲ್ಲೇ ಉಳಿಯಿತು. ಸಿಗ್ನಲ್ ಇಲ್ಲದ ಹಳ್ಳಿಗಳಿಗೆ 4ಜಿ ಒದಗಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿದೆ. ಆದರೆ ವ್ಯವಹಾರದ ನಿಯಮಗಳು ಟವರ್ ಬರುವವರೆಗಿನ ಕಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದಕ್ಕೆ ದಾರಿ ಜಿಲ್ಲೆಯಲ್ಲೇ ಇದೆ. 1923ರಲ್ಲಿ ಹುಟ್ಟಿದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿಯಂಥ ಸಹಕಾರಿಗಳಲ್ಲಿ ಸದಸ್ಯನ ಪರವಾಗಿ ಮಾಲು ಮಾರುವ ಪದ್ಧತಿ ಗಟ್ಟಿಯಾಗಿದೆ. ಅದೇ ಜಾಡಿನಲ್ಲಿ, ಬೆಳೆಗಾರ ತನ್ನ ಕನಿಷ್ಠ ದರವನ್ನು ಮೊದಲೇ ಬರೆದುಕೊಟ್ಟು, ಅದಕ್ಕಿಂತ ಕಡಿಮೆ ಟೆಂಡರ್ ಬಂದರೆ ಮಾಲು ತಾನಾಗಿಯೇ ಉಳಿಯುವಂತೆ ವೇದಿಕೆಯಲ್ಲಿ ಅನುಕೂಲ ಮಾಡಬಹುದು. ಉತ್ತರ ಬಾರದಿದ್ದರೆ ಅದನ್ನು ಒಪ್ಪಿಗೆಯೆಂದು ಎಣಿಸಕೂಡದು.

5. ಉಪಸಂಹಾರ

ಜನರನ್ನು ನಡುವಿನಲ್ಲಿಡುವುದೆಂದರೆ ಮೂರು ಹೊಣೆ: ನಿರಾಕರಣೆಯ ಹಕ್ಕನ್ನು ನಿಯಮದಲ್ಲಿ ಬರೆಯುವುದು, ಸಿಗ್ನಲ್ ಇಲ್ಲದವನಿಗೂ ಅದು ದಕ್ಕುವಂತೆ ಮಾಡುವುದು, ಕೈಯ ಅನುಭವವುಳ್ಳ ಕೆಲಸಗಾರನನ್ನು ಉಳಿಸಿ ಬೆಳೆಸುವುದು. ಈ ಮೂರರ ವೆಚ್ಚವನ್ನೂ ವೇದಿಕೆ ನಡೆಸುವ ಸಂಸ್ಥೆಯೇ ಭರಿಸಬೇಕು. ಬೆಳೆಗಾರ ದಿಬ್ಬ ಹತ್ತಿ ಇಳಿಯುವ ಶ್ರಮದಿಂದ ಆ ವೆಚ್ಚ ತೀರುತ್ತಿದ್ದರೆ, ಲೆಕ್ಕಪತ್ರದಲ್ಲಿ ಕಾಣುವ ಉಳಿತಾಯ ನಿಜವಾದ ಉಳಿತಾಯವಲ್ಲ.