ಶಾಸಕರ ದಿನಚರಿ (ಕರ್ನಾಟಕ)

ಕರ್ನಾಟಕದ ಶಾಸಕರ ದಿನದ ಹೆಚ್ಚಿನ ಪಾಲು ಸದನದ ಹೊರಗೇ ಕಳೆಯುತ್ತದೆ. ಅಹವಾಲು ಕೇಳುವುದು, ಶಿಫಾರಸು ಪತ್ರ ಕೊಡುವುದು, ಅಧಿಕಾರಿಗಳ ಬೆನ್ನುಹತ್ತಿ ಕೆಲಸ ಮಾಡಿಸುವುದು, ಇವೇ ಅವರ ನಿತ್ಯದ ಕಸುಬು. ಈ ರೂಢಿ ಶಾಸನಸಭೆಗಿಂತಲೂ ಹಳೆಯದು.

ದಿವಾನ್ ಸಿ. ರಂಗಾಚಾರ್ಲು 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗ ಅದರಲ್ಲಿ 144 ಸದಸ್ಯರಿದ್ದರು. ಕಾಯ್ದೆ ಮಾಡುವ ಅಧಿಕಾರ ಅವರಿಗಿರಲಿಲ್ಲ. ದಸರಾ ಹೊತ್ತಿಗೆ ಮೈಸೂರಿಗೆ ಬಂದು ದಿವಾನರ ಆಡಳಿತ ವರದಿ ಕೇಳಿ, ತಮ್ಮ ತಾಲ್ಲೂಕಿನ ಕೆರೆ, ರಸ್ತೆ, ಕಂದಾಯದ ಅಹವಾಲುಗಳನ್ನು ಮುಂದಿಡುತ್ತಿದ್ದರು. ಕಾನೂನು ರಚನೆಗೆಂದು ನ್ಯಾಯವಿಧಾಯಕ ಸಭೆ ಹುಟ್ಟಿದ್ದು 1907ರಲ್ಲಿ. ಅಂದರೆ ಇಲ್ಲಿ ಜನಪ್ರತಿನಿಧಿ ಮೊದಲು ಅರ್ಜಿ ಹೊತ್ತವನು, ಆಮೇಲೆ ಶಾಸನ ಮಾಡುವವನು.

ಸ್ವಾತಂತ್ರ್ಯಾನಂತರ ಈ ಹೊರೆ ಇನ್ನೂ ಹೆಚ್ಚಿತು. 1961ರ ಕಾಯ್ದೆ ವಂಶಪಾರಂಪರ್ಯದ ಪಟೇಲ, ಶಾನುಭೋಗ ಹುದ್ದೆಗಳನ್ನು ರದ್ದುಮಾಡಿದ ಮೇಲೆ, ಹಳ್ಳಿಗೂ ಕಚೇರಿಗೂ ನಡುವೆ ಮಾತಾಡುವವರ ಜಾಗ ತೆರವಾಯಿತು. ಅದನ್ನು ಬಹುಮಟ್ಟಿಗೆ ಪಕ್ಷದ ಕಾರ್ಯಕರ್ತರು ತುಂಬಿದರೆಂದೇ ಹೇಳಬೇಕು. ಇವತ್ತೂ ಬೆಳಿಗ್ಗೆ ಶಾಸಕರ ಮನೆ ಮುಂದೆ ಅರ್ಜಿ ಹಿಡಿದು ನಿಂತವರನ್ನು ಒಳಗೆ ಕರೆದೊಯ್ಯುವವನು ಊರಿನ ಕಾರ್ಯಕರ್ತನೇ. ಒಬ್ಬರಿಗೆ ವಿಧವಾ ವೇತನ ನಿಂತಿದೆ, ಇನ್ನೊಬ್ಬರ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಮತ್ತೊಬ್ಬರ ಮಗನಿಗೆ ಹಾಸ್ಟೆಲ್ ಸೀಟು ಬೇಕು. ಪಿ.ಎ. ಅಲ್ಲೇ ತಹಶೀಲ್ದಾರರಿಗೆ ಫೋನ್ ಹಚ್ಚುತ್ತಾನೆ. ಆಮೇಲೆ ಗುದ್ದಲಿಪೂಜೆ, ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆ, ಎರಡು ಮದುವೆ, ಒಂದು ಸಾವಿನ ಮನೆ. ಮದುವೆ ತಪ್ಪಿಸಿದರೆ ಜನ ಮರೆತಾರು, ಸಾವಿನ ಮನೆಗೆ ಹೋಗದಿದ್ದರೆ ಮರೆಯುವುದಿಲ್ಲ. ಬಗರ್ ಹುಕುಂ (ಸರ್ಕಾರಿ ಜಮೀನಿನ ಅನಧಿಕೃತ) ಸಾಗುವಳಿ ಸಕ್ರಮಗೊಳಿಸುವ ಸಮಿತಿಗೆ ಶಾಸಕರೇ ಅಧ್ಯಕ್ಷರಾದದ್ದರಿಂದ ಜಮೀನಿನ ಅರ್ಜಿಗಳೂ ಅವರಲ್ಲಿಗೇ ಬರುತ್ತವೆ.

ಸ್ಥಳೀಯ ಆಡಳಿತದ ಮೇಲೆ ಶಾಸಕರಿಗಿರುವ ಈ ಹಿಡಿತ ಸಡಿಲಿಸಲು ನಡೆದ ದೊಡ್ಡ ಯತ್ನ 1983ರ ಜಿಲ್ಲಾ ಪರಿಷತ್ ಕಾಯ್ದೆ. ಸಚಿವ ಅಬ್ದುಲ್ ನಜೀರ್ ಸಾಬ್ ಅದರ ಹಿಂದಿನ ಶಕ್ತಿ. ಚುನಾವಣೆ 1987ರಲ್ಲಿ ನಡೆದು ಅಧಿಕಾರ ಜಿಲ್ಲೆಗೆ ಇಳಿದಾಗ ಅನೇಕ ಶಾಸಕರಿಗೆ ಅದು ಹಿಡಿಸಲಿಲ್ಲ.

ಸದನದೊಳಗಿನ ಪಾತ್ರವೂ ಕುಗ್ಗಿದೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯಂತೆ, ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು. ಪಕ್ಷಾಂತರ ತಡೆಯಲು ತಂದ ಈ ನಿಯಮ ಅದನ್ನು ನಿಲ್ಲಿಸಲಿಲ್ಲ, ಮಸೂದೆಗಳ ಮೇಲಿನ ಸ್ವತಂತ್ರ ಮತವನ್ನು ಮಾತ್ರ ನಿಲ್ಲಿಸಿತು.

ಸದನದ ಹೊರಗೆ, ಸರ್ಕಾರಿ ಶಾಲಾ ಶಿಕ್ಷಕರ ವರ್ಗಾವಣೆಗೆ 2007ರ ಕಾಯ್ದೆ ಕೌನ್ಸೆಲಿಂಗ್ ಕಡ್ಡಾಯಗೊಳಿಸಿದ ಬಳಿಕ ಅದರ ಶಿಫಾರಸಿಗಾಗಿ ಶಾಸಕರ ಮೇಲಿದ್ದ ಒತ್ತಡ ಕಡಿಮೆಯಾಯಿತು. ಬೇರೆ ಹಲವು ಇಲಾಖೆಗಳಲ್ಲಿ ಶಾಸಕರ ಪತ್ರಕ್ಕೆ ಈಗಲೂ ಬೆಲೆಯಿದೆ.