ಉಲ್ಟಾ ಅಂದುಕೊಂಡಿದ್ದ ಟ್ರಾನ್ಸಿಸ್ಟರ್

ಕಾಲೇಜಿನಲ್ಲಿ ಎನ್‌ಪಿಎನ್ ಟ್ರಾನ್ಸಿಸ್ಟರಿಗೆ ಒಂದು ವಾರ ಪಾಠ ನಡೆಯಿತು. ಪಿಎನ್‌ಪಿಗೆ ಸಿಕ್ಕಿದ್ದು ಒಂದೇ ಸಾಲು: ಎಲ್ಲಾ ಉಲ್ಟಾ ಮಾಡ್ಕೊಳ್ಳಿ, ಅಷ್ಟೇ! ಆ ಸಾಲನ್ನು ನಂಬಿ ನಾನು ಕೆಟ್ಟೆ.

12 ವೋಲ್ಟಿನ ಒಂದು ರಿಲೇ ಆನ್-ಆಫ್ ಮಾಡಬೇಕಿತ್ತು. ಪಿಎನ್‌ಪಿಯ ಎಮಿಟರನ್ನು 12 ವೋಲ್ಟಿಗೆ, ಕಲೆಕ್ಟರನ್ನು ರಿಲೇಗೆ, ಬೇಸನ್ನು ರೆಸಿಸ್ಟರ್ ಮೂಲಕ 5 ವೋಲ್ಟಿನ ಕಂಟ್ರೋಲರ್ ಪಿನ್ನಿಗೆ ಕೊಟ್ಟೆ. ರಿಲೇ ಟಕ್ ಅಂತ ಆನ್ ಆಯ್ತು. ಆಫ್ ಮಾತ್ರ ಆಗಲೇ ಇಲ್ಲ. ಕೊನೆಗೆ ಕಂಟ್ರೋಲರೇ ಸತ್ತಿತು. ಬೇಸ್ 5 ವೋಲ್ಟಿಗೆ ಏರಿದರೂ ಎಮಿಟರಿಗಿಂತ 7 ವೋಲ್ಟ್ ಕೆಳಗೇ ಇತ್ತು; 0.7 ಇದ್ದರೇ ಸಾಕು ಅದು ಆನ್ ಆಗೋದಕ್ಕೆ.

ಇಷ್ಟು ತಲೆನೋವಿನ ವಸ್ತುವನ್ನು ಹಳಬರು ಹೇಗೆ ಬಳಸಿದರಪ್ಪ ಅಂತ ಹುಡುಕುತ್ತಾ ಹೋದೆ. ಹೋದರೆ, ಮೊದಲು ಮನೆ ಕಟ್ಟಿಕೊಂಡಿದ್ದೇ ಪಿಎನ್‌ಪಿ!

1947ರ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸಿನ ಬಾರ್ಡೀನ್ ಮತ್ತು ಬ್ರಾಟನ್ ಮಾಡಿದ ಮೊದಲ ಟ್ರಾನ್ಸಿಸ್ಟರ್ ಕೂತಿದ್ದು ಎನ್ ಬಗೆಯ ಜರ್ಮೇನಿಯಂ ತುಂಡಿನ ಮೇಲೆ. 1950ರ ದಶಕದಲ್ಲಿ ಅಂಥದೇ ಜರ್ಮೇನಿಯಂ ಬಿಲ್ಲೆಯ ಎರಡೂ ಕಡೆ ಇಂಡಿಯಂ ಗುಳಿಗೆ ಇಟ್ಟು ಬಿಸಿ ಮಾಡುತ್ತಿದ್ದರು. ಇಂಡಿಯಂ 157 ಡಿಗ್ರಿಗೇ ಕರಗುವ ಮೆತ್ತನೆಯ ಲೋಹ. ಅದು ಬೆರೆತ ಜಾಗವೆಲ್ಲ ಪಿ, ನಡುವೆ ಉಳಿದದ್ದು ಎನ್. ಹೆಚ್ಚುಕಮ್ಮಿ ಪಡ್ಡು ಹುಯ್ದ ಹಾಗೆ! ನಮ್ಮ ಜಾಲಹಳ್ಳಿಯ ಬಿಇಎಲ್ ಕೂಡ 1962ರಲ್ಲಿ ಸೆಮಿಕಂಡಕ್ಟರ್ ತಯಾರಿಕೆ ಶುರು ಮಾಡಿದ್ದು ಜರ್ಮೇನಿಯಮ್ಮಿನಿಂದಲೇ.

ಆ ಕಾಲದವರು ಎಮಿಟರನ್ನೇ ಅರ್ಥ್‌ಗೆ ಕಟ್ಟಿ, ಸಪ್ಲೈಯನ್ನು ಮೈನಸ್ ಮಾಡಿಕೊಂಡರು. ಡಿಇಸಿ ಕಂಪನಿಯ ಪಿಡಿಪಿ-1 ಕಂಪ್ಯೂಟರಿನಲ್ಲಿ ಸಿಗ್ನಲ್ಲುಗಳು 0 ಮತ್ತು -3 ವೋಲ್ಟ್. ಬೇಸನ್ನು ಮೈನಸ್ಸಿಗೆ ಎಳೆದರೆ ಆನ್, 0ಗೆ ಬಿಟ್ಟರೆ ಆಫ್. ನನ್ನ 12-5ರ ಜಗಳವೇ ಅಲ್ಲಿಲ್ಲ. ಉಲ್ಟಾ ಇದ್ದದ್ದು ಟ್ರಾನ್ಸಿಸ್ಟರ್ ಅಲ್ಲ, ನಾನು ಅರ್ಥ್ ಇಟ್ಟ ಜಾಗ.

ಅವರಿಗೆ ಬೇರೆ ತಲೆನೋವಿತ್ತು ಅನ್ನಿ. ಜರ್ಮೇನಿಯಂ ಸೋರುತ್ತೆ, ಬಿಸಿಯೇರಿದಷ್ಟೂ ಜಾಸ್ತಿ. ಬೇಸನ್ನು ಸುಮ್ಮನೆ ಬಿಟ್ಟರೆ ಸ್ವಿಚ್ ಪೂರ್ತಿ ಆಫ್ ಆಗೋದಿಲ್ಲ. ಅದಕ್ಕೇ ಡಿಇಸಿ ಮಾಡ್ಯೂಲುಗಳಿಗೆ -15ರ ಜೊತೆ +10 ವೋಲ್ಟನ್ನೂ ಕೊಡುತ್ತಿದ್ದರು, ಬೇಸನ್ನು ರೆಸಿಸ್ಟರ್ ಮೂಲಕ ಪ್ಲಸ್ ಕಡೆಗೆ ಎಳೆದಿಡಲು.

1959ರಲ್ಲಿ ಫೇರ್‌ಚೈಲ್ಡಿನ ಹೋರ್ನಿ ಪ್ಲೇನಾರ್ ವಿಧಾನ ತಂದ ಮೇಲೆ ಸಿಲಿಕಾನ್ ಗೆದ್ದಿತು. ಸಿಲಿಕಾನಿನಲ್ಲಿ ಎನ್‌ಪಿಎನ್ ಮಾಡೋದು ಸುಲಭ, ವೇಗವೂ ಹೆಚ್ಚು. ಅರ್ಥ್ ಮೈನಸ್ಸಿಗೆ ಬಂತು, ಪಿಎನ್‌ಪಿ ಪಾಠದ ಕೊನೆಯ ಸಾಲಿಗೆ ಹೋಯಿತು.

ನನ್ನ ರಿಲೇ? ಅದಕ್ಕೆ ಬೇಕಾದ್ದು 50 ಮಿಲಿಆಂಪ್. ಹತ್ತನೇ ಒಂದು ಭಾಗ, ಅಂದರೆ 5 ಮಿಲಿಆಂಪ್ ಬೇಸಿಗೆ. 11.3 ವೋಲ್ಟನ್ನು ಅದರಿಂದ ಭಾಗಿಸಿದರೆ ಸುಮಾರು 2.2ಕೆ ರೆಸಿಸ್ಟರ್. ಅದನ್ನು ಕೆಳಕ್ಕೆ ಎಳೆಯಲು ಒಂದು ಪುಟ್ಟ ಎನ್‌ಪಿಎನ್ ಹಾಕಿ, ಅದರ ಬೇಸಿಗೆ ಕಂಟ್ರೋಲರ್ ಪಿನ್ ಕೊಟ್ಟೆ. ಪಿಎನ್‌ಪಿಯ ಬೇಸ್-ಎಮಿಟರ್ ನಡುವೆ ಒಂದು 10ಕೆ. ಈ 10ಕೆ ಬೆಸುಗೆ ಹಾಕುವಾಗ ಆ +10 ವೋಲ್ಟ್ ನೆನಪಾಗಿ ನಗು ಬಂತು. ಈಗ ಟಕ್ ಅಂತ ಆನ್, ಟಕ್ ಅಂತ ಆಫ್.