ಬೇಲಿಯ ಮೇಲಿನ ಕಣ್ಣು: ಕೋಲಾರದ ಗಣಿಯಿಂದ ಡ್ರೋನ್‌ವರೆಗೆ

ಡ್ರೋನ್ ನಮ್ಮ ಹಳ್ಳಿಗಳಿಗೆ ಈಗ ಹೊಸದೇನಲ್ಲ. ಮದುವೆಯಲ್ಲಿ ಹಾರಿದ್ದು ನೋಡಿದ್ದೇವೆ, ಹೊಲಕ್ಕೆ ಔಷಧಿ ಹೊಡೆದದ್ದೂ ನೋಡಿದ್ದೇವೆ. 2020ರ ಏಪ್ರಿಲ್‌ನಲ್ಲಿ ಸ್ವಾಮಿತ್ವ ಯೋಜನೆ ಶುರುವಾದ ಮೇಲೆ, ಮನೆ ಜಾಗದ ಸುತ್ತ ಸುಣ್ಣದ ಗೆರೆ ಎಳೆದು ಡ್ರೋನ್‌ಗಾಗಿ ಕಾದವರೂ ನಿಮ್ಮಲ್ಲಿ ಇರಬಹುದು.

ಆದರೆ ದೊಡ್ಡ ಗಣಿ, ಕಾರ್ಖಾನೆ, ವಿದ್ಯುತ್ ಸ್ಥಾವರಗಳ ಪಕ್ಕದ ಊರುಗಳಲ್ಲಿ ಇನ್ನೊಂದು ಬಗೆಯ ಡ್ರೋನ್ ಬಂದಿದೆ. ಅದು ಕಾವಲಿನ ಡ್ರೋನ್. ಹಿಂದೆ ಬೆಳೆ ಕಾಯುವವನು ಅಟ್ಟಣಿಗೆ ಹತ್ತಿ ಕೂರುತ್ತಿದ್ದ. ಎತ್ತರದಿಂದ ನೋಡಿದರೆ ಹೊಲದ ಮೂಲೆ ಮೂಲೆ ಕಾಣುತ್ತದೆ. ಡ್ರೋನ್ ಕೂಡ ಅಂಥದೇ ಅಟ್ಟಣಿಗೆ, ಹಾರುತ್ತದೆ ಅಷ್ಟೆ. ಆ ಅಟ್ಟಣಿಗೆಯ ಮೇಲೆ ಕೂತವನು ಯಾರ ಕಡೆ ನೋಡುತ್ತಿದ್ದಾನೆ ಅನ್ನುವುದು ಈ ಬರಹದ ಪ್ರಶ್ನೆ. ಉತ್ತರಕ್ಕೆ ನಮ್ಮ ರಾಜ್ಯದ್ದೇ ಎರಡು ಹಳೆಯ ಕಥೆಗಳಿವೆ.

ಕೆಜಿಎಫ್: ಕಣ್ಣು ಕೂಲಿಯವನ ಮೇಲೆ

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದಲ್ಲಿ ಚಿನ್ನ ತೆಗೆಯಲು ಶುರು ಮಾಡಿತು. ಗಣಿ ಆಳಕ್ಕೆ ಇಳಿಯುತ್ತಾ ಕೊನೆಗೆ ಮೂರು ಕಿಲೋಮೀಟರ್ ದಾಟಿತು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಅಲ್ಲಿಗೆ ಹರಿಯಿತು. ಆದರೆ ಕಂಪನಿಗೆ ಯಾವಾಗಲೂ ಒಂದು ಭಯ: ಚಿನ್ನದ ಕಳ್ಳತನ.

ಚಿನ್ನದ ಅದಿರು ಒಂದು ಹಿಡಿಯಷ್ಟಿದ್ದರೂ ಬೆಲೆ ಬಾಳುತ್ತದೆ. ಹಾಗಾಗಿ ಅಲ್ಲಿನ ಕಾವಲೆಲ್ಲ ಕಾರ್ಮಿಕನ ಮೈಮೇಲೆ. ಕೆಳಗಿನಿಂದ ಮೇಲೆ ಬಂದವನ ತಪಾಸಣೆ, ಅವನ ಮನೆಯ ಮೇಲೆ ಅನುಮಾನ, ಅದಕ್ಕೆ ತಕ್ಕ ಕಾನೂನು. 1930ರಲ್ಲಿ ಕಾರ್ಮಿಕರ ಹೆಸರು ನೋಂದಾಯಿಸಿ ಹೆಬ್ಬೆಟ್ಟಿನ ಗುರುತು ಪಡೆಯುವ ಕ್ರಮ ಬಂತು. ಸಾವಿರಾರು ಮಂದಿ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಬೆರಳಚ್ಚು ಕೊಡುವುದೆಂದರೆ ಆಗ ಪೊಲೀಸ್ ಠಾಣೆಯಲ್ಲಿ ಅಪರಾಧಿ ಕೊಡುವಂಥದ್ದು. ದುಡಿಯುವವರನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದಂತಾಗಿತ್ತು.

ಬೆಲೆಬಾಳುವ ಆಸ್ತಿಗೆ ಕಾವಲು ಬೇಕು, ಇದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿ ಕಣ್ಣು ಒಂದೇ ಕಡೆಗಿತ್ತು. ಮೇಲಿನವರು ಕೆಳಗಿನವರನ್ನು ನೋಡುತ್ತಿದ್ದರು. ಕೆಳಗಿನವರಿಗೆ ಮೇಲಿನ ಲೆಕ್ಕ ಕಾಣುತ್ತಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರಿನವರ ಪಾಲಿಗೆ ಉಳಿದದ್ದು ಸೈನೈಡ್ ಗುಡ್ಡೆಗಳು.

ಸರ್ಕಾರಿ ಕಾವಲು ಪಡೆ

ಸ್ವಾತಂತ್ರ್ಯದ ನಂತರ ಸರ್ಕಾರವೇ ದೊಡ್ಡ ಕಾರ್ಖಾನೆಗಳನ್ನು ಕಟ್ಟಿತು. ಅವುಗಳನ್ನು ಕಾಯಲು ಮೊದಲಿಗೆ ಇದ್ದದ್ದು ಆಯಾ ಕಾರ್ಖಾನೆಯ ವಾಚ್‌ಮನ್‌ಗಳು. 1964ರಲ್ಲಿ ರಾಂಚಿಯ ಹೆವಿ ಎಂಜಿನಿಯರಿಂಗ್ ಕಾರ್ಪೊರೇಷನ್‌ನಲ್ಲಿ ದೊಡ್ಡ ಬೆಂಕಿ ಅನಾಹುತವಾಯಿತು. ಅದರ ತನಿಖೆಯ ನಂತರ ಪ್ರತ್ಯೇಕ ಪಡೆ ಬೇಕೆಂಬ ಮಾತು ಬಂತು. 1968ರಲ್ಲಿ ಕಾಯ್ದೆಯಾಗಿ, 1969ರ ಮಾರ್ಚ್ 10ರಂದು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ, ಅಂದರೆ ಸಿಐಎಸ್‌ಎಫ್ ಹುಟ್ಟಿತು. ಸುಮಾರು ಮೂರು ಸಾವಿರ ಮಂದಿಯಿಂದ ಶುರುವಾದ ಆ ಪಡೆಯಲ್ಲಿ ಇಂದು ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ನಮ್ಮ ಕೈಗಾ ಅಣು ಸ್ಥಾವರವನ್ನೂ ಮಂಗಳೂರು ಬಂದರನ್ನೂ ಕಾಯುವುದು ಅವರೇ.

ಹೀಗೆ ಕಾವಲು ಗಟ್ಟಿಯಾಯಿತು. ಆದರೆ ಬೇಲಿಯ ಒಳಗಿನವರೇ ಬೇಲಿ ದಾಟಿದರೆ?

ಬಳ್ಳಾರಿ: ಕಣ್ಣು ತಿರುಗಿದ ದಿನ

ಬೇಲಿಯೇ ಎದ್ದು ಹೊಲ ಮೇಯ್ದಿತು ಅನ್ನುವ ಗಾದೆಯನ್ನು ಬಳ್ಳಾರಿ ಜಿಲ್ಲೆ ಕಣ್ಣಾರೆ ಕಂಡಿತು. ಕಬ್ಬಿಣದ ಅದಿರಿಗೆ ಬೆಲೆ ಏರಿದ ವರ್ಷಗಳಲ್ಲಿ ಹಲವರು ಗುತ್ತಿಗೆಯ ಗಡಿ ಮೀರಿ ಕಾಡಿನೊಳಗೆ ಅಗೆದರು. ಲೋಕಾಯುಕ್ತ ಸಂತೋಷ್ ಹೆಗ್ಡೆ 2008ರಲ್ಲೂ 2011ರಲ್ಲೂ ವರದಿ ಕೊಟ್ಟರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನದ್ದೂ ನಿಂತಿತು.

ಕೋರ್ಟ್ ನೇಮಿಸಿದ ಜಂಟಿ ತಂಡ ಗಣಿಗಳ ಗಡಿಯನ್ನು ಹೊಸದಾಗಿ ಅಳೆಯಿತು. ಮೇಲಿಂದ ತೆಗೆದ ಉಪಗ್ರಹದ ಚಿತ್ರಗಳು, ಕೆಳಗೆ ಅಳತೆಯ ಉಪಕರಣಗಳು. 166 ಗುತ್ತಿಗೆಗಳನ್ನು ಮೂರು ಗುಂಪು ಮಾಡಿದರು. 'ಎ' ಗುಂಪಿಗೆ 45, 'ಬಿ' ಗುಂಪಿಗೆ 72, ಗಡಿಯನ್ನು ತೀರಾ ಮೀರಿದ 'ಸಿ' ಗುಂಪಿಗೆ 49. 2013ರ ಏಪ್ರಿಲ್‌ನಲ್ಲಿ 'ಸಿ' ಗುಂಪಿನ ಗುತ್ತಿಗೆಗಳನ್ನು ಕೋರ್ಟ್ ರದ್ದು ಮಾಡಿತು.

ಕೆಜಿಎಫ್‌ನಲ್ಲಿ ಕೂಲಿಯವನ ಕಡೆಗಿದ್ದ ಕಣ್ಣು ಇಲ್ಲಿ ಗಣಿ ಮಾಲೀಕನ ಕಡೆ ತಿರುಗಿತು. ತಿರುಗಿಸಿದ್ದು ಯಂತ್ರವಲ್ಲ, ಕಾನೂನು.

ಈಗ ಡ್ರೋನ್

ನಮ್ಮ ದೇಶದಲ್ಲಿ 2014ರ ಅಕ್ಟೋಬರ್‌ನಲ್ಲಿ ಜನಸಾಮಾನ್ಯರು ಡ್ರೋನ್ ಹಾರಿಸುವುದನ್ನೇ ನಿಷೇಧಿಸಲಾಗಿತ್ತು. 2018ರ ಡಿಸೆಂಬರ್‌ನಲ್ಲಿ ಷರತ್ತಿನ ಮೇಲೆ ಅನುಮತಿ ಸಿಕ್ಕಿತು. ಮರುವರ್ಷ ಸೆಪ್ಟೆಂಬರ್ 14ರಂದು ಸೌದಿ ಅರೇಬಿಯಾದ ಅಬ್ಕೈಕ್ ತೈಲ ಘಟಕದ ಮೇಲೆ ಡ್ರೋನ್ ಮತ್ತು ಕ್ಷಿಪಣಿ ದಾಳಿಯಾಗಿ, ಆ ದೇಶದ ತೈಲ ಉತ್ಪಾದನೆ ಸುಮಾರು ಅರ್ಧಕ್ಕೆ ಇಳಿಯಿತು. 2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್‌ನಿಂದ ಸ್ಫೋಟಕ ಬಿತ್ತು. ಗೇಟಿನಲ್ಲಿ ನಿಂತವನು ಆಕಾಶವನ್ನೂ ಕಾಯಬೇಕು ಅನ್ನುವುದು ಆಗ ಎಲ್ಲರಿಗೂ ತಿಳಿಯಿತು.

2021ರ ಆಗಸ್ಟ್ 25ರಂದು ಹೊಸ ಡ್ರೋನ್ ನಿಯಮ ಬಂತು. ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿದರು. ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಹಾರಿಸಲು ಪ್ರತ್ಯೇಕ ಅನುಮತಿ ಬೇಡ. ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಆದ್ದರಿಂದ ದೊಡ್ಡ ಸ್ಥಾವರದ ಹತ್ತಿರ ಮದುವೆ ಡ್ರೋನ್ ಹಾರಿಸುವ ಹುಡುಗರು ಮೊದಲು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಬಣ್ಣ ನೋಡಿಕೊಳ್ಳುವುದು ಒಳ್ಳೆಯದು.

ಕಾವಲಿನ ಡ್ರೋನ್ ಮಾಡುವ ಕೆಲಸ ಸರಳ. ಕಿಲೋಮೀಟರುಗಟ್ಟಲೆ ಬೇಲಿಯನ್ನು ಒಬ್ಬ ವಾಚ್‌ಮನ್ ನಡೆದು ಮುಗಿಸುವಷ್ಟರಲ್ಲಿ ಕಳ್ಳ ಪಾರಾಗಿರುತ್ತಾನೆ. ಡ್ರೋನ್ ಕೆಲವೇ ನಿಮಿಷದಲ್ಲಿ ಅಲ್ಲಿಗೆ ಮುಟ್ಟುತ್ತದೆ. ಶಾಖ ಗುರುತಿಸುವ ಕ್ಯಾಮೆರಾ ಇದ್ದರೆ ಕತ್ತಲಲ್ಲೂ ಮನುಷ್ಯ ಕಾಣುತ್ತಾನೆ. ಅತಿಯಾಗಿ ಬಿಸಿಯಾದ ಪೈಪು, ಹೊತ್ತಿಕೊಳ್ಳುತ್ತಿರುವ ಕಲ್ಲಿದ್ದಲ ರಾಶಿಯೂ ಕಾಣುತ್ತದೆ. ಇದರಿಂದ ಒಳಗೆ ದುಡಿಯುವವರ ಜೀವವೂ ಉಳಿಯಬಹುದು. ಆದರೆ ಸಾಮಾನ್ಯ ಡ್ರೋನ್‌ನ ಬ್ಯಾಟರಿ ಅರ್ಧ ಗಂಟೆ ಆಸುಪಾಸಿನಲ್ಲಿ ಮುಗಿಯುತ್ತದೆ. ಜೋರು ಗಾಳಿ, ಮಳೆ ಬಂದರೆ ಹಾರಿಸುವುದು ಕಷ್ಟ. ಹಾಗಾಗಿ ಗೇಟಿನ ವಾಚ್‌ಮನ್ ಇನ್ನೂ ಬೇಕೇ ಬೇಕು.

ನಮ್ಮ ಹೊಲದ 100 ಮೀಟರ್

ಬಳ್ಳಾರಿಯಲ್ಲಿ ತಿರುಗಿದ ಕಣ್ಣು ಮತ್ತೆ ಮುಚ್ಚಿಲ್ಲ. 2016ರಲ್ಲಿ ಉಪಗ್ರಹದ ಮೂಲಕ ಗಣಿಗಳನ್ನು ಗಮನಿಸುವ ವ್ಯವಸ್ಥೆ ಬಂತು. ಅದು ಗುತ್ತಿಗೆ ಗಡಿಯ ಸುತ್ತ 500 ಮೀಟರ್ ನೋಡುತ್ತದೆ. 2021ರ ನವೆಂಬರ್‌ನಲ್ಲಿ ಗಣಿ ನಿಯಮಕ್ಕೆ ತಿದ್ದುಪಡಿಯಾಯಿತು. ವರ್ಷಕ್ಕೆ 10 ಲಕ್ಷ ಟನ್ ಅಥವಾ ಹೆಚ್ಚು ಅಗೆಯುವ ಯೋಜನೆ ಇರುವ, ಇಲ್ಲವೇ 50 ಹೆಕ್ಟೇರ್ ಅಥವಾ ಹೆಚ್ಚಿನ ಗುತ್ತಿಗೆ ಇರುವ ಗಣಿಯವರು ಪ್ರತಿ ವರ್ಷ ಡ್ರೋನ್ ಸರ್ವೆ ಮಾಡಿಸಿ ಚಿತ್ರ ಸಲ್ಲಿಸಬೇಕು. ತಮ್ಮ ಗುತ್ತಿಗೆ ಜಾಗದ್ದಷ್ಟೇ ಅಲ್ಲ, ಗಡಿಯ ಹೊರಗಿನ 100 ಮೀಟರ್‌ನದ್ದೂ. ಕಲ್ಲು ಕ್ವಾರಿ, ಮರಳಿನಂಥ ಉಪಖನಿಜಕ್ಕೆ ಈ ನಿಯಮ ಅನ್ವಯಿಸುವುದಿಲ್ಲ, ಅದು ರಾಜ್ಯದ ಕೈಯಲ್ಲಿದೆ.

ಆ 100 ಮೀಟರ್‌ನಲ್ಲಿ ಏನಿರುತ್ತದೆ? ನಮ್ಮ ಜೋಳದ ಹೊಲ, ಹಳ್ಳ, ಗೋಮಾಳ. ಗಣಿಯ ಮಣ್ಣಿನ ಗುಡ್ಡೆ ಹಳ್ಳಕ್ಕೆ ಜಾರಿದ್ದರೆ ಆ ಚಿತ್ರದಲ್ಲಿ ಕಾಣಬೇಕು. ಚಿತ್ರ ಸೇರುವುದು ಭಾರತೀಯ ಗಣಿ ಬ್ಯೂರೋಗೆ. ಅದು ಸರ್ಕಾರಿ ಸಂಸ್ಥೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಬರಬೇಕು, ಕೊಡುವುದಿಲ್ಲವೆಂದರೆ ಕಾರಣ ಹೇಳಬೇಕು.

ಇನ್ನೊಂದು ಮಾತೂ ಇದೆ. ಬೇಲಿ ಕಾಯಲು ಹಾರಿದ ಡ್ರೋನ್ ಹಟ್ಟಿಯ ಅಂಗಳವನ್ನು, ಕೆರೆ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಣ್ಣುಮಕ್ಕಳನ್ನು ಚಿತ್ರಿಸಬಾರದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದೆ. ಆ ದಾವೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ.

ನಿಮ್ಮ ಊರಿನ ಪಕ್ಕ ದೊಡ್ಡ ಗಣಿ ಇದ್ದರೆ, ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಡ್ರೋನ್ ಹಾರಿಸುವವರು ಯಾರು? ಚಿತ್ರ ಎಲ್ಲಿಗೆ ಹೋಗುತ್ತದೆ? ಈ ವರ್ಷದ ಸರ್ವೆಯಲ್ಲಿ ನಮ್ಮ ಕಡೆಯ 100 ಮೀಟರ್ ಹೇಗಿದೆ? 1930ರಲ್ಲಿ ಕೆಜಿಎಫ್‌ನ ಕಾರ್ಮಿಕರ ಕೈಯಲ್ಲಿ ಇಂಥ ಪ್ರಶ್ನೆಗೆ ಕಾನೂನಿನ ಬಲ ಇರಲಿಲ್ಲ. ನಮಗೆ ಇದೆ.